ರಿಲೇ ಮುಚ್ಚುವ ಮೊದಲು: ಇನ್ವರ್ಟರನ್ನು ಗ್ರಿಡ್‌ನೊಂದಿಗೆ ಹೊಂದಿಸುವ ಬಗೆ

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಡಿಸಿಯನ್ನು ಎಸಿಯಾಗಿಸುವ ಇನ್ವರ್ಟರಿನ ವೋಲ್ಟೇಜೂ ಗ್ರಿಡ್‌ನ ವೋಲ್ಟೇಜೂ ಸರಿಸಮ, ಆವರ್ತನವೂ ಒಂದೇ. ಫೇಸ್ ಕೋನದಲ್ಲಿ, ಅಂದರೆ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದರಲ್ಲಿ, ಮಾತ್ರ 10 ಡಿಗ್ರಿ ವ್ಯತ್ಯಾಸವಿದೆ. ಎರಡರ ನಡುವೆ ಶೇ 10ರಷ್ಟು ರಿಯಾಕ್ಟೆನ್ಸ್ (ಎಸಿಗೆ ಒಡ್ಡುವ ತಡೆ) ಇರುವ ಇಂಡಕ್ಟರ್ ಇದೆ. ವೋಲ್ಟೇಜ್‌ಗಳ ಅಂತರ 5 ಡಿಗ್ರಿಯ ಸೈನ್‌ನ ಎರಡು ಪಟ್ಟು, ಅಂದರೆ ಸುಮಾರು ಶೇ 17. ಅದನ್ನು ಶೇ 10ರಿಂದ ಭಾಗಿಸಿದರೆ ನಿಗದಿತ ಕರೆಂಟಿನ 1.7 ಪಟ್ಟು ಹರಿಯುತ್ತದೆ ಎಂದು ತಿಳಿಯುತ್ತದೆ. 50 ಹರ್ಟ್ಸ್‌ನಲ್ಲಿ ಈ 10 ಡಿಗ್ರಿ ಎಂದರೆ ಬರೀ 556 ಮೈಕ್ರೋಸೆಕೆಂಡು. ಫೇಸ್ ಪೂರ್ತಿ ತಿರುಗುಮುರುಗಾಗಿ 180 ಡಿಗ್ರಿ ಆಗಿದ್ದರೆ ಕರೆಂಟು 20 ಪಟ್ಟು. ತಿರುಗುವ ಜನರೇಟರ್ ಇಂತಹ ಪೆಟ್ಟನ್ನು ಶಾಫ್ಟ್ ನಡುಗಿಸಿಕೊಂಡಾದರೂ ಕೆಲವೊಮ್ಮೆ ತಾಳಿಕೊಳ್ಳುತ್ತದೆ. ಇನ್ವರ್ಟರಿನೊಳಗಿನ ಅರೆವಾಹಕ ಸ್ವಿಚ್ಚಾದ ಐಜಿಬಿಟಿ ಶಾರ್ಟ್ ಸರ್ಕ್ಯೂಟನ್ನು ತಾಳುವ ಅವಧಿ ಹತ್ತು ಮೈಕ್ರೋಸೆಕೆಂಡಿನ ಆಸುಪಾಸು, ಅಷ್ಟೇ.

ಹೊಸಬರ ಗಮನವೆಲ್ಲ ಇನ್ವರ್ಟರನ್ನು ಗ್ರಿಡ್‌ಗೆ ಜೋಡಿಸುವ ಸ್ವಿಚ್ಚು, ಅಂದರೆ ರಿಲೇ, ಮುಚ್ಚುವ ಕ್ಷಣದ ಮೇಲಿರುತ್ತದೆ. ನನ್ನ ಅನುಭವದಲ್ಲಿ ಆ ಕ್ಷಣ ಕೆಲಸದ ಅತಿ ಸುಲಭ ಭಾಗ. ಕಷ್ಟವಿರುವುದು ನಿಯಂತ್ರಕ ಹೇಳುವ ಕೋನವನ್ನು ನಂಬಬಹುದೇ ಎಂದು ತಿಳಿಯುವುದರಲ್ಲಿ, ಮುಚ್ಚಿದ ಮೇಲೂ ಪ್ರತಿ ಕ್ಷಣ ನಂಬಬಹುದೇ ಎಂದು ತಿಳಿಯುವುದರಲ್ಲಿ. ಈ ಲೇಖನವೂ ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಮೊದಲೇ ಒಂದು ಎಚ್ಚರಿಕೆ. ಸ್ವಂತವಾಗಿ ಕಟ್ಟಿದ ಇನ್ವರ್ಟರನ್ನು ಸಾರ್ವಜನಿಕ ಗ್ರಿಡ್‌ಗೆ ಜೋಡಿಸಲು ಪ್ರಮಾಣಪತ್ರವೂ ವಿದ್ಯುತ್ ಸರಬರಾಜುದಾರರ ಅನುಮತಿಯೂ ಬೇಕು. ಕಲಿಕೆಗೆ, ಪ್ರಯೋಗಕ್ಕೆ ಗ್ರಿಡ್‌ನಂತೆ ವರ್ತಿಸುವ ಎಸಿ ಮೂಲವನ್ನು ಬಳಸಿ. ಅದಿಲ್ಲದಿದ್ದರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮತ್ತು ವೇರಿಯಾಕ್ (ವೋಲ್ಟೇಜ್ ಬದಲಿಸಬಹುದಾದ ಟ್ರಾನ್ಸ್‌ಫಾರ್ಮರ್) ಮೂಲಕ 30–40 ವೋಲ್ಟಿಗೆ ಇಳಿಸಿಕೊಂಡು ಮಾಡಿ. ಡಿಸಿ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಚಾರ್ಜ್ ಹಿಡಿದಿರುತ್ತವೆ. ಮೀಟರಿನಿಂದ ಅಳೆಯದೆ ಕೈ ಹಾಕಬೇಡಿ.

ಹಂತ 1: ಅನುಸರಿಸುವುದೋ, ರೂಪಿಸುವುದೋ ತೀರ್ಮಾನಿಸಿ

ಗ್ರಿಡ್‌ನ ವೋಲ್ಟೇಜ್ ಗಟ್ಟಿಯಾಗಿದೆ, ಅದರ ಕೋನ ಕಂಡುಹಿಡಿದು ಅದಕ್ಕೆ ಸರಿಯಾಗಿ ಕರೆಂಟನ್ನು ತಳ್ಳಿದರೆ ಸಾಕು ಎಂಬುದು ಒಂದು ದಾರಿ. ಇದನ್ನು ಗ್ರಿಡ್ ಫಾಲೋಯಿಂಗ್ ಎನ್ನುತ್ತಾರೆ. ಹೆಚ್ಚಿನ ಸೌರ ಇನ್ವರ್ಟರ್‌ಗಳು ಹೀಗೆಯೇ ಕೆಲಸ ಮಾಡುತ್ತವೆ, ಗ್ರಿಡ್‌ನ ಕೋನವನ್ನು ಹಿಂಬಾಲಿಸುವ ಫೇಸ್ ಲಾಕ್ಡ್ ಲೂಪ್ ಅಥವಾ ಪಿಎಲ್‌ಎಲ್ ಇವುಗಳ ಹೃದಯ. ಇನ್ನೊಂದು ದಾರಿಯಲ್ಲಿ ಇನ್ವರ್ಟರ್ ತಾನೇ ವೋಲ್ಟೇಜನ್ನು ನಿರ್ಮಿಸುತ್ತದೆ, ಹರಿಯುವ ಪವರ್ ನೋಡಿ ತನ್ನ ಆವರ್ತನವನ್ನು ಹೊಂದಿಸಿಕೊಳ್ಳುತ್ತದೆ. ಇದು ಗ್ರಿಡ್ ಫಾರ್ಮಿಂಗ್. ಬ್ಯಾಟರಿ ಇದ್ದು, ಗ್ರಿಡ್ ಹೋದಾಗಲೂ ದೀಪ ಉರಿಯಬೇಕೆಂದಿದ್ದರೆ ಇದೇ ಬೇಕು.

ಗ್ರಿಡ್ ಎಷ್ಟು ಗಟ್ಟಿ ಎಂಬುದಕ್ಕೆ ಅಳತೆಗೋಲಿದೆ. ಜೋಡಣೆಯ ಬಿಂದುವಿನಲ್ಲಿರುವ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯವನ್ನು ಇನ್ವರ್ಟರಿನ ಸಾಮರ್ಥ್ಯದಿಂದ ಭಾಗಿಸಿ. ಉತ್ತರ 3ಕ್ಕಿಂತ ಕಡಿಮೆ ಬಂದರೆ ಗ್ರಿಡ್ ದುರ್ಬಲ. ಆಗ ಪಿಎಲ್‌ಎಲ್ ತಾನೇ ತಳ್ಳಿದ ಕರೆಂಟಿನಿಂದ ಅಲುಗಿದ ವೋಲ್ಟೇಜನ್ನು ಗ್ರಿಡ್ ಎಂದು ತಿಳಿದು ಹಿಂಬಾಲಿಸುತ್ತದೆ. ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತಿದಂತೆ ಇದು. ಪಿಎಲ್‌ಎಲ್ ಅನ್ನು ನಿಧಾನಗೊಳಿಸಿದರೆ ಒಂದಷ್ಟು ದೂರ ಸಾಗಬಹುದು. ಅನುಪಾತ 2ಕ್ಕಿಂತ ಕೆಳಗಿಳಿದರೆ ನಾನಾದರೆ ಫಾಲೋಯಿಂಗ್‌ನ ಹಟ ಬಿಟ್ಟು ಫಾರ್ಮಿಂಗ್ ವಿಧಾನಕ್ಕೆ ಹೋಗುತ್ತೇನೆ.

ಹಂತ 2: ಅಳತೆಯ ವಿಳಂಬವನ್ನು ಲೆಕ್ಕಕ್ಕೆ ತನ್ನಿ

ರಿಲೇಯ ಎರಡೂ ಬದಿಯ ವೋಲ್ಟೇಜ್ ಅಳೆಯುವ ಸೆನ್ಸರ್‌ಗಳು ಬೇಕು. ಒಂದೇ ಬದಿಯಲ್ಲಿ ಅಳೆದು ಖರ್ಚು ಉಳಿಸಿದವರು ಮುಂದೆ ರಿಲೇ ಅಂಟಿಕೊಂಡಿದೆಯೇ ಎಂದು ತಿಳಿಯುವ ದಾರಿಯನ್ನೂ ಕಳೆದುಕೊಳ್ಳುತ್ತಾರೆ.

ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಯ ಮುಂದೆ 1 ಕಿಲೋಹರ್ಟ್ಸ್‌ನ ಸರಳ ಆರ್‌ಸಿ ಫಿಲ್ಟರ್ ಹಾಕಿದ್ದೀರಿ ಎಂದುಕೊಳ್ಳಿ. 50 ಹರ್ಟ್ಸ್‌ನಲ್ಲಿ ಅದು 2.9 ಡಿಗ್ರಿ ಹಿಂದುಳಿಯುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡುತ್ತಿದ್ದರೆ ಪ್ರತಿ ಸ್ಯಾಂಪಲ್‌ಗೆ 1.8 ಡಿಗ್ರಿ. ಲೆಕ್ಕ ಹಾಕಿ ಪಿಡಬ್ಲ್ಯುಎಂ (ಸ್ವಿಚ್‌ಗಳನ್ನು ನಡೆಸುವ ಪಲ್ಸ್) ಹೊರಬರುವಷ್ಟರಲ್ಲಿ ಸಾಮಾನ್ಯವಾಗಿ ಒಂದೂವರೆ ಸ್ಯಾಂಪಲ್ ಕಳೆದಿರುತ್ತದೆ, ಅದು ಇನ್ನೂ 2.7 ಡಿಗ್ರಿ. ಒಟ್ಟು 5.6 ಡಿಗ್ರಿ. ಮೇಲಿನ ಲೆಕ್ಕದ ಇಂಡಕ್ಟರ್ ಇದ್ದರೆ ಇಷ್ಟಕ್ಕೇ ಪೂರ್ಣ ಕರೆಂಟಿನ ಹತ್ತಿರ ಹರಿಯುತ್ತದೆ! ಹೊರಹೋಗುವ ಕೋನಕ್ಕೆ ಈ ಮೊತ್ತವನ್ನು ಕೂಡಿಸಿ. ವೋಲ್ಟೇಜ್ ಮತ್ತು ಕರೆಂಟ್ ಚಾನೆಲ್‌ಗಳಿಗೆ ಒಂದೇ ಬಗೆಯ ಫಿಲ್ಟರ್ ಬಳಸಿ. ಎರಡೂ ಸಮನಾಗಿ ತಡವಾದರೆ ಪವರ್ ಫ್ಯಾಕ್ಟರ್‌ನ ಲೆಕ್ಕ ಕೆಡುವುದಿಲ್ಲ.

ಹಂತ 3: ಕೋನವನ್ನು ಹಿಡಿಯಿರಿ

ಸೊನ್ನೆ ದಾಟುವ ಬಿಂದುವನ್ನು ಹಿಡಿದು ಕೋನ ಅಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮಾದರಿ ಮಾಡಿ ನೋಡಲು ಪರವಾಗಿಲ್ಲ. ಆದರೆ ಒಂದು ಸುತ್ತಿಗೆ ಎರಡೇ ಸಲ ಸುದ್ದಿ ಸಿಗುತ್ತದೆ, ಪಕ್ಕದ ಯಾವುದಾದರೂ ಮೋಟರ್ ಡ್ರೈವ್ ವೋಲ್ಟೇಜನ್ನು ಸೀಳಿದರೆ ಸೊನ್ನೆಯನ್ನು ಮೂರು ಸಲ ದಾಟಿದಂತೆ ಕಾಣುತ್ತದೆ. ನಿಜವಾದ ಉಪಕರಣದಲ್ಲಿ ಅದನ್ನು ಬಳಸಬೇಡಿ.

ಪಿಎಲ್‌ಎಲ್ ಹಳೆಯ ಯೋಚನೆ. ಫ್ರಾನ್ಸಿನ ಆನ್ರಿ ದ ಬೆಲಿಸೀಜ್ 1932ರಲ್ಲಿ ಅದನ್ನು ವಿವರಿಸಿದ್ದು ರೇಡಿಯೊ ಸಂಕೇತ ಹಿಡಿಯುವುದಕ್ಕಾಗಿ. ಮೂರು ಫೇಸ್‌ನ ಇನ್ವರ್ಟರಿನಲ್ಲಿ ಅದು ಹೀಗೆ ಸಾಗುತ್ತದೆ. ಮೂರು ವೋಲ್ಟೇಜ್‌ಗಳನ್ನು ಕ್ಲಾರ್ಕ್ ಪರಿವರ್ತನೆಯಿಂದ ಆಲ್ಫಾ–ಬೀಟಾ ಎಂಬ ಎರಡು ಅಕ್ಷಗಳಿಗೆ ತನ್ನಿ. ನಿಮ್ಮ ಅಂದಾಜಿನ ಕೋನವನ್ನು ಬಳಸಿ ಪಾರ್ಕ್ ಪರಿವರ್ತನೆಯಿಂದ ಅವನ್ನು ತಿರುಗುವ ಡಿ–ಕ್ಯೂ ಅಕ್ಷಗಳಿಗೆ ತಿರುಗಿಸಿ. ಕೋನ ಸರಿಯಿದ್ದರೆ ವೋಲ್ಟೇಜೆಲ್ಲ ಡಿ ಅಕ್ಷದಲ್ಲಿ ನಿಲ್ಲುತ್ತದೆ, ಕ್ಯೂ ಸೊನ್ನೆಯಾಗುತ್ತದೆ. ತಪ್ಪಿದ್ದರೆ ಕ್ಯೂನಲ್ಲಿ ಉಳಿಯುವುದು ತಪ್ಪಿನ ಸೈನ್. ಅದನ್ನು ಪಿಐ (ಪ್ರಮಾಣ–ಸಮಾಕಲನ) ನಿಯಂತ್ರಕಕ್ಕೆ ಕೊಡಿ, ಬಂದ ಉತ್ತರಕ್ಕೆ ಸೆಕೆಂಡಿಗೆ 314.16 ರೇಡಿಯನ್ ಕೂಡಿಸಿ. ಅದೇ ಆವರ್ತನ. ಅದನ್ನು ಕಾಲದೊಂದಿಗೆ ಕೂಡಿಸುತ್ತ ಹೋದರೆ ಹೊಸ ಕೋನ. ಮತ್ತೆ ಮೊದಲಿನಿಂದ, ಸೆಕೆಂಡಿಗೆ ಹತ್ತು ಸಾವಿರ ಸಲ.

ಗುಣಕಗಳನ್ನು ಊಹಿಸಿ ಹಾಕುವ ಅಗತ್ಯವಿಲ್ಲ. ವೋಲ್ಟೇಜನ್ನು ಅದರದೇ ಗಾತ್ರದಿಂದ ಭಾಗಿಸಿ 1ಕ್ಕೆ ತಂದುಕೊಂಡರೆ ಲೂಪ್ ಎರಡನೇ ಶ್ರೇಣಿಯ ಸಾಮಾನ್ಯ ವ್ಯವಸ್ಥೆಯಾಗುತ್ತದೆ. 100 ಮಿಲಿಸೆಕೆಂಡಿನಲ್ಲಿ ನೆಲೆಗೊಳ್ಳಬೇಕು, ಡ್ಯಾಂಪಿಂಗ್ 0.707 ಇರಬೇಕು ಎಂದುಕೊಳ್ಳಿ. 4.6 ಅನ್ನು 0.1ರಿಂದ ಭಾಗಿಸಿದರೆ 46. ಅದರ ಎರಡರಷ್ಟು, ಅಂದರೆ 92, ಪ್ರಮಾಣ ಗುಣಕ. 46 ಅನ್ನು 0.707ರಿಂದ ಭಾಗಿಸಿದರೆ 65 ರೇಡಿಯನ್, ಅದರ ವರ್ಗ ಸುಮಾರು 4,230, ಸಮಾಕಲನ ಗುಣಕ. ಗಾತ್ರದಿಂದ ಭಾಗಿಸದೆ 325 ವೋಲ್ಟಿನ ಶಿಖರವನ್ನು ಹಾಗೆಯೇ ಕೊಡುತ್ತಿದ್ದರೆ ಎರಡನ್ನೂ 325ರಿಂದ ಭಾಗಿಸಬೇಕು. ಆದರೆ ಆಗ ವೋಲ್ಟೇಜ್ ಕುಸಿದಾಗೆಲ್ಲ ಲೂಪ್ ತಾನಾಗಿ ಮಂದವಾಗುತ್ತದೆ. ಭಾಗಿಸಿಕೊಳ್ಳುವುದೇ ಮೇಲು.

ಇಲ್ಲಿ ಎರಡು ಗುಂಡಿಗಳಿವೆ, ನಾನು ಎರಡರಲ್ಲೂ ಬಿದ್ದಿದ್ದೇನೆ. ಪಾರ್ಕ್ ಪರಿವರ್ತನೆಯನ್ನು ಬರೆಯುವ ಎರಡು ಪದ್ಧತಿಗಳಿವೆ, ಅವುಗಳ ನಡುವೆ 90 ಡಿಗ್ರಿ ವ್ಯತ್ಯಾಸ. ಪಿಎಲ್‌ಎಲ್‌ನಲ್ಲಿ ಒಂದು, ಕರೆಂಟ್ ನಿಯಂತ್ರಣದಲ್ಲಿ ಇನ್ನೊಂದು ಬಳಸಿದರೆ ನೀವು ಕೇಳಿದ ವಾಟ್‌ಗಳೆಲ್ಲ ವಿಎಆರ್ (ಕೆಲಸ ಮಾಡದ ರಿಯಾಕ್ಟಿವ್ ಪವರ್) ಆಗಿ ಹೊರಬರುತ್ತವೆ. ಮತ್ತೊಂದು ಫೇಸ್‌ಗಳ ಅನುಕ್ರಮ. ಎರಡು ತಂತಿ ಅದಲುಬದಲಾಗಿದ್ದರೆ ಕ್ಯೂ ವೋಲ್ಟೇಜ್ ನಿಲ್ಲದೆ 100 ಹರ್ಟ್ಸ್‌ನಲ್ಲಿ ಕುಣಿಯುತ್ತದೆ. ನನ್ನ ಮೊದಲ ಮೂಲಮಾದರಿಯಲ್ಲಿ ಅದನ್ನು ಗದ್ದಲವೆಂದು ತಿಳಿದು ಎರಡು ದಿನ ಫಿಲ್ಟರ್ ಬದಲಿಸುತ್ತ ಕುಳಿತಿದ್ದೆ. ತಪ್ಪು ಟರ್ಮಿನಲ್ ಪಟ್ಟಿಯಲ್ಲಿತ್ತು.

ಹಂತ 4: ಗ್ರಿಡ್ ಶುದ್ಧವಾಗಿಲ್ಲ ಎಂದೇ ಭಾವಿಸಿ

ಪುಸ್ತಕದ ಸೈನ್ ಅಲೆ ಸಾಕೆಟ್ಟಿನಲ್ಲಿ ಸಿಗುವುದಿಲ್ಲ. ಮೂರು ಫೇಸ್ ಅಸಮವಾಗಿದ್ದರೆ ವಿರುದ್ಧ ದಿಕ್ಕಿಗೆ ತಿರುಗುವ ಘಟಕ ಹುಟ್ಟಿ, ಡಿ–ಕ್ಯೂನಲ್ಲಿ 100 ಹರ್ಟ್ಸ್ ಅಲೆಯಾಗಿ ಕಾಣಿಸಿಕೊಳ್ಳುತ್ತದೆ. ಮೂಲ ಆವರ್ತನದ ಐದು ಮತ್ತು ಏಳು ಪಟ್ಟಿನ, ಅಂದರೆ ಐದನೆಯ ಮತ್ತು ಏಳನೆಯ ಹಾರ್ಮೋನಿಕ್‌ಗಳು ಎರಡೂ ಸೇರಿ 300 ಹರ್ಟ್ಸ್‌ನಲ್ಲಿ ಬರುತ್ತವೆ. ಸೆನ್ಸರಿನ ಡಿಸಿ ಆಫ್‌ಸೆಟ್ 50 ಹರ್ಟ್ಸ್ ಆಗಿ ಇಣುಕುತ್ತದೆ. ಈ ಪಟ್ಟಿಯನ್ನು ನೆನಪಿಟ್ಟುಕೊಂಡರೆ ಆಸಿಲೋಸ್ಕೋಪ್ ನೋಡಿಯೇ ರೋಗ ಹೇಳಬಹುದು.

ನನಗೆ ಇಷ್ಟವಾದ ಮದ್ದು ಚಲಿಸುವ ಸರಾಸರಿ. 10 ಮಿಲಿಸೆಕೆಂಡಿನ ಕಿಟಕಿ 100 ಹರ್ಟ್ಸ್ ಮತ್ತು ಅದರ ಗುಣಕಗಳನ್ನೆಲ್ಲ ಒಂದೇ ಏಟಿಗೆ ಅಳಿಸುತ್ತದೆ. ಡಿಸಿ ಆಫ್‌ಸೆಟ್ಟನ್ನೂ ಅಳಿಸಬೇಕೆಂದರೆ 20 ಮಿಲಿಸೆಕೆಂಡಿನ ಕಿಟಕಿ ಬೇಕು. ಬೆಲೆಯೇನೆಂದರೆ ಲೂಪ್ ನಿಧಾನವಾಗುತ್ತದೆ, ಗುಣಕಗಳನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಅಷ್ಟು ತಡ ಸಹಿಸಲಾಗದಿದ್ದರೆ ಧನ ಮತ್ತು ಋಣ ಅನುಕ್ರಮಗಳನ್ನು (ಸರಿ ದಿಕ್ಕಿಗೂ ವಿರುದ್ಧ ದಿಕ್ಕಿಗೂ ತಿರುಗುವ ಘಟಕಗಳನ್ನು) ಮೊದಲೇ ಬೇರ್ಪಡಿಸಿ, ಧನ ಅನುಕ್ರಮವನ್ನಷ್ಟೇ ಪಿಎಲ್‌ಎಲ್‌ಗೆ ಕೊಡಿ.

ಒಂದೇ ಫೇಸ್ ಇದ್ದರೆ ಎರಡನೆಯ ಅಕ್ಷವೇ ಇಲ್ಲ, ಅದನ್ನು ಸೃಷ್ಟಿಸಿಕೊಳ್ಳಬೇಕು. 5 ಮಿಲಿಸೆಕೆಂಡು ತಡಮಾಡಿದ ಅದೇ ಅಲೆಯನ್ನು ಬಳಸುವುದು ಸುಲಭ. ಆದರೆ ಆವರ್ತನ 51 ಆದರೆ ಆ ತಡ 91.8 ಡಿಗ್ರಿಯಾಗಿ ಲೆಕ್ಕ ಓರೆಯಾಗುತ್ತದೆ. ಅದಕ್ಕೇ ಸೋಜಿ, ಅಂದರೆ ಎರಡನೇ ಶ್ರೇಣಿಯ ಸಾಮಾನ್ಯೀಕೃತ ಇಂಟಿಗ್ರೇಟರ್, ಇಷ್ಟು ಜನಪ್ರಿಯ. ಪಿಎಲ್‌ಎಲ್ ಕಂಡುಹಿಡಿದ ಆವರ್ತನವನ್ನೇ ಅದಕ್ಕೆ ಹಿಂದಿರುಗಿಸಿದರೆ ಅದು 90 ಡಿಗ್ರಿ ಹಿಂದಿರುವ ಶುದ್ಧ ಅಲೆ ಕೊಡುತ್ತದೆ. ಅದರ ಗುಣಕ ಸಾಮಾನ್ಯವಾಗಿ 1.414. ಆಗ ಸುಮಾರು ಒಂದು ಸುತ್ತಿನಲ್ಲಿ ನೆಲೆಗೊಳ್ಳುತ್ತದೆ. ಬಹಳ ಜನ ಗಮನಿಸದ ಸಂಗತಿಯೊಂದಿದೆ: ಆ 90 ಡಿಗ್ರಿಯ ಹೊರಹರಿವು ಡಿಸಿಯನ್ನು ತಡೆಯುವುದಿಲ್ಲ, ಅದೇ 1.414ರಿಂದ ಗುಣಿಸಿ ದಾಟಿಸುತ್ತದೆ. ಎಡಿಸಿಯ ಆಫ್‌ಸೆಟ್ಟನ್ನು ಮೊದಲೇ ಕಳೆದಿಡಿ.

ಹಂತ 5: ರಿಲೇ ತೆರೆದಿಟ್ಟೇ ಪಿಎಲ್‌ಎಲ್ ಅನ್ನು ಪೀಡಿಸಿ

ಈ ಹಂತವನ್ನು ಬಿಡಬೇಡಿ. ಹಾರ್ಡ್‌ವೇರ್ ಜೋಡಿಸದೆಯೇ, ಕೋಡಿಗೆ ಕೃತಕ ಸ್ಯಾಂಪಲ್ ಕೊಟ್ಟು, ಫೇಸ್ ಅನ್ನು ಒಮ್ಮೆಗೇ 60 ಡಿಗ್ರಿ ಜಿಗಿಸಿ. ವೋಲ್ಟೇಜನ್ನು ಶೇ 20ಕ್ಕೆ ಕೆಡವಿ. ಆವರ್ತನವನ್ನು ಸೆಕೆಂಡಿಗೆ 2 ಹರ್ಟ್ಸ್‌ನಂತೆ ಏರಿಸಿ. ಒಂದು ಫೇಸನ್ನೇ ಕಿತ್ತುಹಾಕಿ. ಪ್ರತಿ ಸಲವೂ ಕೋನದ ತಪ್ಪು ಮತ್ತು ವರದಿಯಾಗುವ ಆವರ್ತನ ಎರಡನ್ನೂ ದಾಖಲಿಸಿ.

ಆವರ್ತನವನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿದೆ. ಫೇಸ್ ಜಿಗಿದಾಗ ಪಿಎಲ್‌ಎಲ್ ಅದನ್ನು ಹಿಡಿಯಲು ಓಡುತ್ತದೆ. ಆ ಓಟವೇ ಪರದೆಯ ಮೇಲೆ ಆವರ್ತನದ ಬದಲಾವಣೆಯಂತೆ ಕಾಣುತ್ತದೆ, ಗ್ರಿಡ್‌ನ ಆವರ್ತನ ಮಾತ್ರ ಅಲುಗಿರುವುದಿಲ್ಲ. 2016ರ ಆಗಸ್ಟ್ 16ರಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬ್ಲೂ ಕಟ್ ಕಾಡ್ಗಿಚ್ಚಿನಿಂದ ಸಾಗಣೆ ಮಾರ್ಗಗಳಲ್ಲಿ ದೋಷ ಉಂಟಾದಾಗ ಸುಮಾರು 1,200 ಮೆಗಾವಾಟ್ ಸೌರ ಉತ್ಪಾದನೆ ಕೈಕೊಟ್ಟಿತು. ಅದರಲ್ಲಿ ಸುಮಾರು 700 ಮೆಗಾವಾಟ್ ಹೋದದ್ದು ಇನ್ವರ್ಟರ್‌ಗಳು ಆವರ್ತನ 57 ಹರ್ಟ್ಸ್‌ಗಿಂತ ಕೆಳಗಿಳಿದಿದೆ ಎಂದು ತಪ್ಪಾಗಿ ಓದಿದ್ದರಿಂದ. 60 ಹರ್ಟ್ಸ್‌ನ ಆ ಗ್ರಿಡ್ ನಿಜದಲ್ಲಿ 59.8ಕ್ಕೂ ಇಳಿದಿರಲಿಲ್ಲ. ರಕ್ಷಣೆಗೆ ಬಳಸುವ ಆವರ್ತನವನ್ನು ಪಿಎಲ್‌ಎಲ್‌ನ ಒಳಗಿನಿಂದ ಹಸಿಯಾಗಿ ಎತ್ತಿಕೊಳ್ಳಬೇಡಿ. ಹಲವು ಸುತ್ತುಗಳ ಸರಾಸರಿ ತೆಗೆದುಕೊಳ್ಳಿ, ಟ್ರಿಪ್ ಮಾಡುವ (ಗ್ರಿಡ್‌ನಿಂದ ಕಳಚುವ) ಮುನ್ನ ಕಾಯಿರಿ.

ಲಾಕ್ ಆಗಿದೆ ಎಂದು ಘೋಷಿಸುವುದಕ್ಕೂ ಷರತ್ತು ಬೇಕು. ಕ್ಯೂ ಸೊನ್ನೆಯಾಯಿತು ಎಂಬುದಷ್ಟೇ ಸಾಲದು, ಏಕೆಂದರೆ 180 ಡಿಗ್ರಿ ತಪ್ಪಿದ್ದಾಗಲೂ ಅದು ಗಳಿಗೆಯ ಮಟ್ಟಿಗೆ ಸೊನ್ನೆಯೇ. ಡಿ ಧನವಾಗಿ 0.85ಕ್ಕಿಂತ ಮೇಲಿರಬೇಕು, ಕ್ಯೂ ಶೇ 3ರ ಒಳಗಿರಬೇಕು, ಆವರ್ತನ ಅನುಮತಿಸಿದ ವ್ಯಾಪ್ತಿಯಲ್ಲಿರಬೇಕು. ಇವು ಮೂರೂ ಕನಿಷ್ಠ 200 ಮಿಲಿಸೆಕೆಂಡು ಬಿಡದೆ ನಿಲ್ಲಬೇಕು ಎಂದು ನಾನು ಇಟ್ಟುಕೊಳ್ಳುತ್ತೇನೆ.

ಹಂತ 6: ಜೋಡಣೆ

ಡಿಸಿ ವೋಲ್ಟೇಜ್ ಸಾಕಷ್ಟಿದೆಯೇ ನೋಡಿ. 400 ವೋಲ್ಟಿನ ಮೂರು ಫೇಸ್ ಗ್ರಿಡ್‌ನಲ್ಲಿ ತಂತಿಗಳ ನಡುವಿನ ಶಿಖರ 566 ವೋಲ್ಟ್. ಡಿಸಿ ಅದಕ್ಕಿಂತ ಕೆಳಗಿದ್ದರೆ ರಿಲೇ ಮುಚ್ಚಿದ ಕೂಡಲೇ ಸ್ವಿಚ್‌ಗಳ ಡಯೋಡುಗಳ ಮೂಲಕ ಗ್ರಿಡ್ ಒಳನುಗ್ಗುತ್ತದೆ, ಯಾವ ನಿಯಂತ್ರಕವೂ ಅದನ್ನು ತಡೆಯಲಾರದು. ಗ್ರಿಡ್ ಶೇ 10 ಏರಬಹುದೆಂದು ಲೆಕ್ಕ ಹಾಕಿ 620ಕ್ಕಿಂತ ಮೇಲಿಡಿ.

ಮುಂದೆ ರಿಲೇ ತೆರೆದಿರುವಾಗಲೇ ಪಿಡಬ್ಲ್ಯುಎಂ ಆರಂಭಿಸಿ, ಫಿಲ್ಟರ್ ಕೆಪಾಸಿಟರಿನ ಮೇಲೆ ಗ್ರಿಡ್‌ನ ತದ್ರೂಪ ವೋಲ್ಟೇಜ್ ನಿರ್ಮಿಸಿ. ರಿಲೇಯ ಎರಡು ಬದಿಗಳ ವ್ಯತ್ಯಾಸವನ್ನು ಅಳೆಯಿರಿ. ಗ್ರಿಡ್ ಜೋಡಣೆಯ ಮಾನದಂಡವಾದ ಐಇಇಇ 1547ರ 2018ರ ಆವೃತ್ತಿ 500 ಕೆವಿಎವರೆಗಿನ ಘಟಕಗಳಿಗೆ 0.3 ಹರ್ಟ್ಸ್, ಶೇ 10 ವೋಲ್ಟೇಜ್, 20 ಡಿಗ್ರಿ ಎಂಬ ಮಿತಿ ಹಾಕಿದೆ. 1,500 ಕೆವಿಎ ಮೀರಿದವುಗಳಿಗೆ 0.1 ಹರ್ಟ್ಸ್, ಶೇ 3, 10 ಡಿಗ್ರಿ. ಇವು ದಾಟಬಾರದ ಗಡಿಗಳು ಎಂಬುದು ನೆನಪಿರಲಿ. 20 ಡಿಗ್ರಿಯಲ್ಲಿ ವ್ಯತ್ಯಾಸದ ವೋಲ್ಟೇಜ್ ಶೇ 35. ಒಳ್ಳೆಯ ಪಿಎಲ್‌ಎಲ್ ಇದ್ದರೆ 1–2 ಡಿಗ್ರಿಯೊಳಗೆ ಬರುವುದು ಕಷ್ಟವೇನಲ್ಲ.

ಹಳೆಯ ವಿದ್ಯುತ್ ಕೇಂದ್ರಗಳಲ್ಲಿ ಸ್ವಿಚ್ಚಿನ ಎರಡು ತುದಿಗಳ ನಡುವೆ ಬಲ್ಬು ಕಟ್ಟಿ, ಅದು ಆರಿದಾಗ ಜನರೇಟರನ್ನು ಸೇರಿಸುತ್ತಿದ್ದರು. ಪ್ರಯೋಗದ ಮೇಜಿನ ಮೇಲೆ ಈ ಉಪಾಯ ಇಂದಿಗೂ ಚೆಂದ, ಕೋಡ್ ಸುಳ್ಳು ಹೇಳಿದರೂ ಬಲ್ಬು ಹೇಳುವುದಿಲ್ಲ. ವ್ಯತ್ಯಾಸ ಎರಡು ಪಟ್ಟು ವೋಲ್ಟೇಜಿನವರೆಗೆ ಹೋಗುವುದರಿಂದ ಎರಡು ಬಲ್ಬುಗಳನ್ನು ಸರಣಿಯಲ್ಲಿ ಕಟ್ಟಿ. ಆದರೆ ಫಿಲಮೆಂಟ್ ಬಲ್ಬು ಸಾಕಷ್ಟು ವೋಲ್ಟೇಜ್ ಉಳಿದಿರುವಾಗಲೇ ಆರಿದಂತೆ ಕಾಣುತ್ತದೆ. ಅದು ಸಾಕ್ಷಿ ಮಾತ್ರ, ತೀರ್ಪು ಮೀಟರಿನದು.

ರಿಲೇ ಮುಚ್ಚಿಕೊಳ್ಳಲು 12 ಮಿಲಿಸೆಕೆಂಡು ಬೇಕು, ಅಷ್ಟರಲ್ಲಿ ಅಲೆ 216 ಡಿಗ್ರಿ ಓಡಿರುತ್ತದಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಎರಡೂ ಅಲೆಗಳು ಜೊತೆಯಲ್ಲೇ ಓಡುತ್ತಿವೆ, ಲೆಕ್ಕಕ್ಕೆ ಬರುವುದು ಅವುಗಳ ಆವರ್ತನದ ಅಂತರ ಮಾತ್ರ. ಅಂತರ 0.1 ಹರ್ಟ್ಸ್ ಇದ್ದರೆ ಕೋನ ಸೆಕೆಂಡಿಗೆ 36 ಡಿಗ್ರಿ ಸರಿಯುತ್ತದೆ, 12 ಮಿಲಿಸೆಕೆಂಡಿನಲ್ಲಿ ಅರ್ಧ ಡಿಗ್ರಿಯೂ ಇಲ್ಲ.

ಮುಚ್ಚುವಾಗ ಕರೆಂಟಿನ ಆದೇಶ ಸೊನ್ನೆಯಿರಲಿ, ಕರೆಂಟ್ ನಿಯಂತ್ರಕದ ಇಂಟಿಗ್ರೇಟರ್‌ಗಳನ್ನು ಅದೇ ಕ್ಷಣ ಸೊನ್ನೆ ಮಾಡಿ, ಅಳೆದ ವೋಲ್ಟೇಜನ್ನು ನಿಯಂತ್ರಕದ ಉತ್ತರಕ್ಕೆ ನೇರವಾಗಿ ಕೂಡಿಸಿ, ಅಂದರೆ ಫೀಡ್‌ಫಾರ್ವರ್ಡ್ ಆಗಿ ಕೊಡಿ. ನಂತರ ಶೇ 5ರಷ್ಟು ಕರೆಂಟ್ ಕೇಳಿ ಪವರ್ ಮೀಟರಿನ ಚಿಹ್ನೆ ನೋಡಿ. ಹೊರಗೆ ಹೋಗಬೇಕಾದದ್ದು ಒಳಗೆ ಬರುತ್ತಿದ್ದರೆ ಸೆನ್ಸರ್ ತಿರುಗಿದೆ, ಆರಿಸಿ ಸರಿಪಡಿಸಿ. ಸರಿಯಿದ್ದರೆ ಕೆಲವು ಸೆಕೆಂಡುಗಳಲ್ಲಿ ಮೆಲ್ಲಗೆ ಏರಿಸಿ.

ಕರೆಂಟ್ ಲೂಪಿನ ಬಗ್ಗೆ ಒಂದೇ ಮಾತು: ಅದು ಪಿಎಲ್‌ಎಲ್‌ಗಿಂತ ಸುಮಾರು ಹತ್ತು ಪಟ್ಟು ಚುರುಕಾಗಿರಲಿ. ಎರಡೂ ಒಂದೇ ವೇಗದಲ್ಲಿದ್ದರೆ ಪರಸ್ಪರ ಕಾಲೆಳೆಯುತ್ತವೆ.

ಹಂತ 7: ಗ್ರಿಡ್ ಫಾರ್ಮಿಂಗ್ ಆಗಿದ್ದರೆ

ಇಲ್ಲಿ ಕೋನವನ್ನು ಪವರ್ ನಿರ್ಧರಿಸುತ್ತದೆ. ಡ್ರೂಪ್ ನಿಯಮದ ಪ್ರಕಾರ ಪವರ್ ಏರಿದಂತೆ ಆವರ್ತನ ಸ್ವಲ್ಪ ಇಳಿಯಬೇಕು. ಶೇ 2 ಡ್ರೂಪ್ ಎಂದರೆ ಖಾಲಿಯಿಂದ ಪೂರ್ಣ ಹೊರೆಗೆ 1 ಹರ್ಟ್ಸ್. ತಿರುಗುವ ಯಂತ್ರದ ಜಡತ್ವವನ್ನು ಸಮೀಕರಣವಾಗಿ ಬರೆದು ಸೇರಿಸಿದರೆ ಅದೇ ವರ್ಚುವಲ್ ಸಿಂಕ್ರೊನಸ್ ಯಂತ್ರ. ಝೋಂಗ್ ಮತ್ತು ವೈಸ್ 2011ರಲ್ಲಿ ಸಿಂಕ್ರೊನ್‌ವರ್ಟರ್ ಎಂದು ಕರೆದದ್ದು ಇಂತಹದ್ದನ್ನೇ. ಕೋನದಿಂದ ಪವರ್ ನಿಯಂತ್ರಿಸುವ ಈ ತರ್ಕ ನಡುವಿನ ಮಾರ್ಗ ಇಂಡಕ್ಟಿವ್ ಆಗಿದ್ದರೆ ಮಾತ್ರ ನಿಲ್ಲುತ್ತದೆ. ಕಡಿಮೆ ವೋಲ್ಟೇಜಿನ ಕೇಬಲ್ಲುಗಳು ಹೆಚ್ಚಾಗಿ ರೆಸಿಸ್ಟಿವ್. ಆದ್ದರಿಂದ ನಿಯಂತ್ರಕದಲ್ಲೇ ಒಂದು ಕಾಲ್ಪನಿಕ ಇಂಡಕ್ಟೆನ್ಸ್ ಸೇರಿಸಿಕೊಳ್ಳಬೇಕು.

ಸ್ವತಂತ್ರವಾಗಿ ಓಡುತ್ತಿರುವ ಇಂತಹ ಇನ್ವರ್ಟರನ್ನು ಮರಳಿ ಗ್ರಿಡ್‌ಗೆ ಸೇರಿಸುವಾಗ ಕೋನದ ವ್ಯತ್ಯಾಸವನ್ನು ನಿಧಾನದ ಒಂದು ಪಿಐಗೆ ಕೊಟ್ಟು, ಬರುವ ಉತ್ತರವನ್ನು ಆವರ್ತನದ ಆದೇಶಕ್ಕೆ ಕೂಡಿಸಿ. ಅದಕ್ಕೆ 0.2 ಹರ್ಟ್ಸ್‌ನ ಮಿತಿ ಹಾಕಿ, ಇಲ್ಲವಾದರೆ ಹೊರೆಯಲ್ಲಿರುವ ಮೋಟರುಗಳು ತೊನೆಯುತ್ತವೆ. ಕೂಡಿಕೊಳ್ಳುವ ಗಳಿಗೆಯಲ್ಲಿ ಇನ್ವರ್ಟರ್ ಗ್ರಿಡ್‌ಗಿಂತ ಕೂದಲೆಳೆಯಷ್ಟು ಮುಂದಿರಲಿ. ಆಗ ಮೊದಲ ಪವರ್ ಹೊರಗೆ ಹರಿಯುತ್ತದೆ. ಹಿಂದಿದ್ದರೆ ಒಳಗೆ ಬಂದು ಡಿಸಿ ವೋಲ್ಟೇಜನ್ನು ಎತ್ತಿಬಿಡುತ್ತದೆ.

ರಿಲೇ ಮುಚ್ಚಿದ ಮೇಲೆ ಆ ಕೂಡಿಸಿದ ಆವರ್ತನವನ್ನು ಮರೆತು ಹಾಗೆಯೇ ಬಿಡುವುದು ಸಾಮಾನ್ಯ ತಪ್ಪು. 1 ಹರ್ಟ್ಸ್‌ಗೆ ಪೂರ್ಣ ಪವರ್ ಎಂಬ ಡ್ರೂಪಿನಲ್ಲಿ 0.2 ಹರ್ಟ್ಸ್ ಉಳಿದಿದ್ದರೆ, ನೀವು ಕೇಳದೆಯೇ ಶೇ 20 ಪವರ್ ಹರಿಯುತ್ತದೆ. ಒಮ್ಮೆಗೇ ಕಿತ್ತರೆ ಪವರ್ ಜಿಗಿಯುತ್ತದೆ, ಇಳಿಜಾರಿನಂತೆ ಇಳಿಸಿ.

ಹಂತ 8: ಬಿಡುವುದನ್ನೂ ಕಲಿಸಿ

ವೋಲ್ಟೇಜ್ ಶೇ 10ಕ್ಕಿಂತ ಕೆಳಗೆ ಕುಸಿದರೆ ಹಿಂಬಾಲಿಸಲು ಏನೂ ಉಳಿದಿರುವುದಿಲ್ಲ. ಪಿಎಲ್‌ಎಲ್‌ನ ಪಿಐಯನ್ನು ಅಲ್ಲೇ ಹೆಪ್ಪುಗಟ್ಟಿಸಿ, ಕೊನೆಯ ಒಳ್ಳೆಯ ಆವರ್ತನದಲ್ಲಿ ಕೋನ ಓಡುತ್ತಿರಲಿ. ವೋಲ್ಟೇಜ್ ಮರಳಿದಾಗ ಬಹುಪಾಲು ಹತ್ತಿರದಲ್ಲೇ ಇರುತ್ತೀರಿ.

ಗ್ರಿಡ್ ಪೂರ್ತಿ ಹೋಗಿ, ಸ್ಥಳೀಯ ಹೊರೆ ಇನ್ವರ್ಟರಿನ ಉತ್ಪಾದನೆಗೆ ಸರಿಸಮವಾಗಿದ್ದರೆ ವೋಲ್ಟೇಜೂ ಆವರ್ತನವೂ ಅಲುಗದೆ ಗ್ರಿಡ್ ಇಲ್ಲದೆಯೂ ಜೀವಂತವಿರುವ ‘ದ್ವೀಪ’ವೊಂದು ಉಳಿಯಬಹುದು. ಮಾರ್ಗ ಸತ್ತಿದೆ ಎಂದು ನಂಬಿ ಕಂಬ ಹತ್ತಿದವನಿಗೆ ಇದು ಪ್ರಾಣದ ಪ್ರಶ್ನೆ. ಮಿತಿಗಳನ್ನು ಕಾಯುತ್ತ ಕೂರುವುದು ಇಲ್ಲಿ ಸಾಲದು. ಆವರ್ತನವನ್ನು ಸದಾ ತುಸು ಒಂದು ಕಡೆಗೆ ನೂಕುತ್ತಿರಬೇಕು. ಗ್ರಿಡ್ ಇದ್ದರೆ ಅದು ಬಗ್ಗುವುದಿಲ್ಲ, ಇಲ್ಲದಿದ್ದರೆ ಆವರ್ತನ ಜಾರಿ ಮಿತಿ ದಾಟುತ್ತದೆ. ಐಇಇಇ 1547 ಇದಕ್ಕೆ ಕೊಡುವ ಸಮಯ 2 ಸೆಕೆಂಡು.

ಟ್ರಿಪ್ ಆದ ಮೇಲೆ ರಿಲೇ ನಿಜವಾಗಿ ತೆರೆದಿದೆಯೇ ಎಂದು ಎರಡೂ ಬದಿಯ ವೋಲ್ಟೇಜ್ ನೋಡಿ ಖಚಿತಪಡಿಸಿಕೊಳ್ಳಿ. ಗ್ರಿಡ್ ಮರಳಿದರೂ ತಕ್ಷಣ ಸೇರಬೇಡಿ. ಅದೇ ಮಾನದಂಡದಲ್ಲಿ ಪೂರ್ವನಿಗದಿತ ಕಾಯುವಿಕೆ 300 ಸೆಕೆಂಡು. ಆ ಐದು ನಿಮಿಷ ಪಿಎಲ್‌ಎಲ್ ಓಡುತ್ತಲೇ ಇರಲಿ, ಲಾಕ್ ಒಂದು ಸಲ ತಪ್ಪಿದರೂ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಲಿ.